ಬ್ಲ್ಯಾಕ್ ಬಾಕ್ಸ್ ಇಲ್ಲದ ಪುಟ್ಟ ವಿಮಾನ ಬಿದ್ದರೆ ಕಾರಣ ಹುಡುಕುವುದು ಹೇಗೆ?

ಪ್ರಶ್ನೆ: ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ತಮ್ಮ ಹಳೆಯ ವಿಮಾನವನ್ನು ಗಾಲ್ಫ್ ಮೈದಾನದಲ್ಲಿ ಇಳಿಸಿ ಗಾಯಗೊಂಡಿದ್ದರಲ್ಲ, ಅಂಥ ವಿಮಾನದಲ್ಲಿ ಬ್ಲ್ಯಾಕ್ ಬಾಕ್ಸ್ ಇರುವುದಿಲ್ಲ ಅಲ್ವಾ? ಮತ್ತೆ ತನಿಖೆ ಹೇಗೆ? ಸುಮ್ನೆ ಪೈಲಟ್ ತಪ್ಪು ಅಂತ ಬರೆದು ಮುಗಿಸುತ್ತಾರಾ?

ಉತ್ತರ: ಇಲ್ಲ. ಫೋರ್ಡ್ ಅಪಘಾತದ ತನಿಖಾ ವರದಿಯಲ್ಲಿ ಕಾರಣ ಅಂತ ಪೈಲಟ್ ಕಡೆ ಬೆರಳು ತೋರಿಸಿಲ್ಲ.

ಅದು 1942ರ ರಯಾನ್ ತರಬೇತಿ ವಿಮಾನ. 2015ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಮೇಲೇರುತ್ತಿದ್ದಾಗಲೇ ಎಂಜಿನ್ ಕೈಕೊಟ್ಟಿತು. ಫೋರ್ಡ್ ರನ್‌ವೇಗೆ ವಾಪಸ್ ತಿರುಗಲು ನೋಡಿದರು. ಅಲ್ಲಿಯವರೆಗೆ ತಲುಪಲ್ಲ ಅನ್ನಿಸಿದಾಗ ಗಾಲ್ಫ್ ಮೈದಾನದ ಬಯಲಿನತ್ತ ಇಳಿಸಿದರು. ವಿಮಾನ ಮರದ ತುದಿಗೆ ತಗುಲಿ ನೆಲಕ್ಕೆ ಬಿತ್ತು. ಹಟ ಹಿಡಿದು ರನ್‌ವೇ ಕಡೆಗೇ ಎಳೆದಿದ್ದರೆ ವೇಗ ಕುಸಿದು ವಿಮಾನ ತಲೆಕೆಳಗಾಗುವ ಅಪಾಯವಿತ್ತು. ಅವರ ನಿರ್ಧಾರ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ.

ಬ್ಲ್ಯಾಕ್ ಬಾಕ್ಸ್ ಇಲ್ಲದಿದ್ದರೆ ಬಿದ್ದ ವಿಮಾನವೇ ಸಾಕ್ಷಿ. ಟ್ಯಾಂಕ್‌ನಲ್ಲಿ ಇಂಧನ ಇತ್ತಾ, ಪ್ರೊಪೆಲ್ಲರ್ ರೆಕ್ಕೆ ಹೇಗೆ ಬಾಗಿದೆ, ಸ್ಪಾರ್ಕ್ ಪ್ಲಗ್ ಮಸಿ ಹಿಡಿದಿದೆಯಾ, ಎಲ್ಲ ನೋಡುತ್ತಾರೆ. ಇಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ (ಎನ್‌ಟಿಎಸ್‌ಬಿ) ತನಿಖಾಧಿಕಾರಿಗಳು ಎಂಜಿನ್ ಬಿಚ್ಚಿದಾಗ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ನ ಮುಖ್ಯ ಜೆಟ್ ತನ್ನ ಜಾಗದಿಂದ ಕಳಚಿ ಅಡ್ಡ ತಿರುಗಿತ್ತು. ಹಳೆಯ ಬೈಕ್ ಓಡಿಸಿದವರಿಗೆ ಈ ಜೆಟ್ ಗೊತ್ತು: ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಅಳೆದು ಬಿಡುವ ಸಣ್ಣ ತೂತಿನ ತಿರುಪು. ಅದು ಕಳಚಿದ್ದರಿಂದ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ವಿಪರೀತ ಜಾಸ್ತಿಯಾಗಿ ಎಂಜಿನ್ ಶಕ್ತಿಯೇ ಹೋಯಿತು.

ಕಾರ್ಬುರೇಟರ್ ರಿಪೇರಿಯಾಗಿ ಸುಮಾರು 17 ವರ್ಷವಾಗಿತ್ತು. ಜೆಟ್ ಒಂದೇ ದಿನ ಬಿಚ್ಚಿಕೊಂಡಿದ್ದಲ್ಲ, ದಿನ ಕಳೆದಂತೆ ಸಡಿಲವಾಗುತ್ತಾ ಬಂದಿರಬೇಕು ಎಂದಿತು ವರದಿ. ಅದನ್ನು ಹೇಗೆ ಕೂರಿಸಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬ ಸೂಚನೆ ನಿರ್ವಹಣೆಯ ಕೈಪಿಡಿಯಲ್ಲೇ ಇರಲಿಲ್ಲ. ಅಂದ ಮೇಲೆ ಮೆಕ್ಯಾನಿಕ್‌ನನ್ನು ಬೈದು ಏನು ಪ್ರಯೋಜನ?

ತನಿಖೆ ಅಲ್ಲಿಗೇ ನಿಲ್ಲಲಿಲ್ಲ. ಇಷ್ಟು ಪೆಟ್ಟು ಯಾಕಾಯಿತು ಅಂತಲೂ ಕೇಳಿತು. ಭುಜದ ಬೆಲ್ಟನ್ನು ಸೀಟಿನ ಬೆನ್ನಿನ ತೆಳು ಲೋಹದ ತಗಡಿಗೆ, ಬಲ ಕೊಡುವ ಪಟ್ಟಿ ಇಲ್ಲದೆ, ಸಿಕ್ಕಿಸಿದ್ದರು. ಏಟು ಬಿದ್ದಾಗ ಅದು ತಡೆಯಲಿಲ್ಲ. ಹಳೆಯ ವಿಮಾನ ಇಟ್ಟುಕೊಂಡವರು ಇವತ್ತೇ ನೋಡಬಹುದಾದ ವಿಷಯ ಇದು.

ಅಂತರರಾಷ್ಟ್ರೀಯ ನಿಯಮವೂ ಇದನ್ನೇ ಹೇಳುತ್ತದೆ: ಇಂಥ ತನಿಖೆಯ ಗುರಿ ಮುಂದಿನ ಅಪಘಾತ ತಪ್ಪಿಸುವುದು, ತಪ್ಪು ಹೊರಿಸುವುದಲ್ಲ. ನಮ್ಮಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋಗೂ ಅದೇ ನಿಯಮ. ತಪ್ಪಿತಸ್ಥರನ್ನು ಹುಡುಕುವ ಕೆಲಸ ಪೊಲೀಸರದ್ದು, ಶಿಕ್ಷೆ ಕೊಡುವ ಕೆಲಸ ಕೋರ್ಟಿನದ್ದು.