ಬ್ಯಾಕ್ಟೀರಿಯಾ ಸೋಕಿಸಿದ ಸ್ತನ ಕ್ಯಾನ್ಸರ್ ಕೋಶ: ಮ್ಯಾಕ್ರೋಫೇಜ್ ಪ್ರತಿಕ್ರಿಯಿಸಿದ್ದು ಯಾವುದಕ್ಕೆ?

ನೀವು ಕೇಳಿದ್ದು ಇಷ್ಟು: ಮೈಸೂರಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳಿಗೆ ಇ. ಕೊಲೈ ಬ್ಯಾಕ್ಟೀರಿಯಾ ಸೋಕಿಸಿ, ಜೆಂಟಾಮೈಸಿನ್ ಆಂಟಿಬಯಾಟಿಕ್ ಹಾಕಿ ತೊಳೆದು, ಮೇಲೆ ಟಿಎಚ್‌ಪಿ-1 ಕೋಶಗಳಿಂದ ಮಾಡಿದ ಮ್ಯಾಕ್ರೋಫೇಜ್ (ರೋಗಾಣು ನುಂಗುವ ರಕ್ಷಣಾ ಕೋಶ) ಬಿಟ್ಟಿರಿ. ಪ್ರೋಟೀನ್ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಐಎಲ್-6 ಎಂಬ ಉರಿಯೂತದ ಸಂಕೇತ ಪ್ರೋಟೀನ್ ವಿಪರೀತ ಏರಿದೆ. ಇದು ಸೋಂಕಿತ ಕ್ಯಾನ್ಸರ್ ಕೋಶಕ್ಕೆ ಬಂದ ಪ್ರತಿಕ್ರಿಯೆ ಅಂತ ಬರೆಯಬಹುದಾ?

ಈಗಲೇ ಬರೆಯಬೇಡಿ. ಜೆಂಟಾಮೈಸಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅದರ ಹೊರಪೊರೆಯ ಎಲ್‌ಪಿಎಸ್ (ಕೊಬ್ಬು-ಸಕ್ಕರೆ ಸೇರಿದ ವಿಷ) ಹಾಗೇ ಉಳಿಯುತ್ತದೆ. ಪ್ಲೇಟಿನ ತಳಕ್ಕೂ ಕೋಶದ ಮೈಗೂ ಅಂಟಿದ್ದು ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಮೂರು ಸಲ ತೊಳೆದರೂ ಪೂರ್ತಿ ಹೋಗದು. ಮಿಲಿಗೆ ಒಂದೆರಡು ನ್ಯಾನೋಗ್ರಾಂ ಇದ್ದರೂ ಅದನ್ನು ಗುರುತಿಸುವ ಮ್ಯಾಕ್ರೋಫೇಜ್‌ನ ಗ್ರಾಹಕ ಟಿಎಲ್‌ಆರ್4 ಎಚ್ಚೆತ್ತು ಟಿಎನ್‌ಎಫ್, ಐಎಲ್-6ನಂಥ ಸಂಕೇತ ಪ್ರೋಟೀನ್ ಸುರಿಯುತ್ತದೆ. ಸಾಲದ್ದಕ್ಕೆ 231 ಕೋಶಗಳು ಯಾರೂ ಮುಟ್ಟದೆಯೂ ಐಎಲ್-6, ಐಎಲ್-8 ಸ್ರವಿಸುತ್ತವೆ. ಎಲೈಸಾ ತೋರಿಸಿದ್ದು ಯಾರ ಐಎಲ್-6 ಅಂತ ಹೇಗೆ ಹೇಳ್ತೀರಿ?

ಹಾಗಾಗಿ ಹೋಲಿಕೆಗೆ ಇನ್ನು ಕೆಲವು ವೆಲ್ (ಪ್ಲೇಟಿನ ಗುಳಿ) ಬೇಕು. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಖಾಲಿ ವೆಲ್: ಕ್ಯಾನ್ಸರ್ ಕೋಶವಿಲ್ಲದೆ ಬ್ಯಾಕ್ಟೀರಿಯಾ, ಜೆಂಟಾಮೈಸಿನ್, ತೊಳೆತ, ಆಮೇಲೆ ಮ್ಯಾಕ್ರೋಫೇಜ್. ಇಲ್ಲೂ ಅಷ್ಟೇ ಏರಿದರೆ ನಿಮ್ಮ ಫಲಿತಾಂಶ ಬರೀ ಎಲ್‌ಪಿಎಸ್‌ನದ್ದಿರಬಹುದು. ಸೋಂಕಿತ 231 ಮಾತ್ರ ಇರುವ ವೆಲ್ ಒಂದು, ಸೋಂಕಿಲ್ಲದ 231 ಜೊತೆ ಮ್ಯಾಕ್ರೋಫೇಜ್ ಇರುವುದು ಇನ್ನೊಂದು. ಮಿಲಿಗೆ 10 ಮೈಕ್ರೋಗ್ರಾಂ ಪಾಲಿಮಿಕ್ಸಿನ್ ಬಿ ಹಾಕಿದ ವೆಲ್ ಕೂಡ ಇಡಿ. ಅದು ಎಲ್‌ಪಿಎಸ್ ಹಿಡಿದುಕೊಳ್ಳುವುದರಿಂದ ಎಷ್ಟು ಇಳಿಯಿತು ಅಂತ ಗೊತ್ತಾಗುತ್ತದೆ.

ಡೋಸ್ ಲೆಕ್ಕದಲ್ಲೇ ಸುಮಾರು ಜನ ಎಡವುತ್ತಾರೆ. 24 ವೆಲ್ ಪ್ಲೇಟಿನಲ್ಲಿ ವೆಲ್‌ಗೆ 2 ಲಕ್ಷ ಕೋಶ, ಎಂಒಐ (ಕೋಶವೊಂದಕ್ಕೆ ಎಷ್ಟು ಬ್ಯಾಕ್ಟೀರಿಯಾ) 10 ಅಂದರೆ 20 ಲಕ್ಷ ಬ್ಯಾಕ್ಟೀರಿಯಾ. 600 ನ್ಯಾನೋಮೀಟರ್ ಬೆಳಕಿನಲ್ಲಿ ಒಡಿ (ದ್ರವ ಎಷ್ಟು ಮಬ್ಬಾಗಿದೆ ಎಂಬ ಅಳತೆ) 1 ಇದ್ದರೆ ಇ. ಕೊಲೈ ಮಿಲಿಗೆ ಸುಮಾರು 80 ಕೋಟಿ. ನೂರು ಪಟ್ಟು ತೆಳು ಮಾಡಿ 250 ಮೈಕ್ರೋಲೀಟರ್ ಹಾಕಿ, ಮಿಕ್ಕಿದ್ದನ್ನು ಇನ್ನಷ್ಟು ತೆಳು ಮಾಡಿ ಅಗರ್ ಮೇಲೆ ಹರಡಿ, ಬೆಳೆದ ಬ್ಯಾಕ್ಟೀರಿಯಾ ಗುಂಪು ಎಣಿಸಿ. ಒಡಿ ಸತ್ತವನ್ನೂ ಎಣಿಸುತ್ತದೆ. ಕೋಶ ಬೆಳೆಸುವ ಮೀಡಿಯಾದಲ್ಲಿ ಪೆನ್‌-ಸ್ಟ್ರೆಪ್ (ಆಂಟಿಬಯಾಟಿಕ್ ಮಿಶ್ರಣ) ಇರಕೂಡದು, ಹಿಂದಿನ ದಿನವೇ ಬದಲಿಸಿ. 2 ಗಂಟೆ ಸೋಂಕು, ಮಿಲಿಗೆ 100 ಮೈಕ್ರೋಗ್ರಾಂ ಜೆಂಟಾಮೈಸಿನ್‌ನಲ್ಲಿ 1 ಗಂಟೆ, ಆಮೇಲೆ ಅದನ್ನು 10–20 ಮೈಕ್ರೋಗ್ರಾಂಗೆ ಇಳಿಸಿ. ಮ್ಯಾಕ್ರೋಫೇಜ್ ಆಗಿಸಲು ಪಿಎಂಎ ರಾಸಾಯನಿಕ ಕೊಟ್ಟ ಟಿಎಚ್‌ಪಿ-1ಗೆ ಪಿಎಂಎ ಇಲ್ಲದ ಮೀಡಿಯಾದಲ್ಲಿ ಒಂದು ದಿನ ವಿಶ್ರಾಂತಿ ಕೊಡಿ. ಇಲ್ಲದಿದ್ದರೆ ಅದರ ಉದ್ರೇಕವೂ ನಿಮ್ಮ ಅಂಕಿಗೆ ಸೇರುತ್ತದೆ.

ಮುಂದೆ ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಎಂಬ ಬಾಯಿಯ ಬ್ಯಾಕ್ಟೀರಿಯಾ ತರುವ ಯೋಚನೆಯಿದ್ದರೆ ಇದೇ ಕ್ರಮ ನಡೆಯದು. ಆಮ್ಲಜನಕ ಒಲ್ಲದ ಬ್ಯಾಕ್ಟೀರಿಯಾ ಜೆಂಟಾಮೈಸಿನ್‌ಗೆ ಬಗ್ಗದು, ಮೆಟ್ರೊನಿಡಜೋಲ್ ಬೇಕು. ಈ ಬ್ಯಾಕ್ಟೀರಿಯಾದ ಫ್ಯಾಪ್2 ಪ್ರೋಟೀನ್ ಎನ್‌ಕೆ ಕೋಶದ (ಕ್ಯಾನ್ಸರ್ ಕೋಶ ಕೊಲ್ಲುವ ರಕ್ತ ಕೋಶ) ಟಿಜಿಟ್ ಗ್ರಾಹಕಕ್ಕೆ ಕೂತು ಕೊಲ್ಲುವ ಕೆಲಸವನ್ನೇ ತಡೆಯುತ್ತದೆ. ಅಲ್ಲಿ ನೋಡಬೇಕಾದದ್ದು ಸಿಡಿ107ಎ, ಎನ್‌ಕೆ ಕೋಶ ಕೊಲ್ಲುವ ಕಣಗಳನ್ನು ಹೊರಬಿಟ್ಟಾಗ ಅದರ ಮೈಮೇಲೆ ಕಾಣುವ ಗುರುತು.

ಎನ್‌ಕೆ ಕೋಶಕ್ಕೆ ದಾನಿಗಳ ರಕ್ತ ಬೇಕು, ಎಥಿಕ್ಸ್ ಅನುಮತಿಯೂ ಬೇಕು. ಮಂಡ್ಯದಿಂದ ತರುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬನ್ನು ಐಸ್ ಮೇಲೆ ಇಡಬೇಡಿ, ಅವತ್ತೇ ಫೈಕಾಲ್ (ತಿರುಗಿಸಿದಾಗ ರಕ್ತದ ಕೋಶಗಳನ್ನು ಪದರವಾಗಿ ಬೇರ್ಪಡಿಸುವ ದ್ರವ) ಮೇಲೆ ತಿರುಗಿಸಿ: 20 ಡಿಗ್ರಿ, 400 ಜಿ, 30 ನಿಮಿಷ, ಬ್ರೇಕ್ ಆಫ್. ಫೈಕಾಲ್ ಫ್ರಿಜ್ಜಿನಿಂದ ತೆಗೆದ ಹಾಗೇ ಸುರಿದರೆ ಕೆಂಪು ಕಣ ಸರಿಯಾಗಿ ಇಳಿಯದು. ಏಪ್ರಿಲ್ ಸೆಕೆಯಲ್ಲಿ ಬಿಸಿಯಾಗಿದ್ದರೆ ಕೋಶದ ಇಳುವರಿ ಕುಸಿಯುತ್ತದೆ.