ಬೋರ್ಡೋ ಕದಡುವ ಕೈಗೆ ಲೆಕ್ಕ ಬರಲ್ಲ ಅಂದವರು ಯಾರು?

ಹೊಸನಗರದ ಕಡೆಯ ಓದುಗರೊಬ್ಬರ ಪತ್ರ ಬಂದು ಹತ್ತು ದಿನವಾಯಿತು. ಬೇರೆ ಪತ್ರಗಳಿಗೆಲ್ಲ ಉತ್ತರ ಬರೆದೆ. ಇದಕ್ಕೆ ಮಾತ್ರ ಕೂತಾಗಲೆಲ್ಲ ಸಿಟ್ಟು ಬಂದು ಎದ್ದುಬಿಟ್ಟೆ. ಇವತ್ತು ಬರೆದೇ ಏಳುತ್ತೇನೆ.

ವಿಷಯ ಇಷ್ಟು. ಅವರಿಗೆ 39 ವರ್ಷ. ಎರಡು ಎಕರೆ ಅಡಿಕೆ ತೋಟ, ಎರಡು ಹಸು, ಗಂಡ, ಅತ್ತೆ, ಈ ವರ್ಷ ಹತ್ತನೇ ಕ್ಲಾಸಿಗೆ ಬಂದ ಮಗಳು. 23 ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಹೋದವು. ಲೆಕ್ಕದಲ್ಲಿ 21, ವಿಜ್ಞಾನದಲ್ಲಿ 29. ಪಾಸಾಗಲು ಆಗ 35 ಬೇಕಿತ್ತು. ಮತ್ತೆ ಕಟ್ಟಲಿಲ್ಲ. ಮೊನ್ನೆ ಮಗಳ ಹೊಸ ಪುಸ್ತಕಗಳಿಗೆ ಬೈಂಡ್ ಹಾಕುವಾಗ, ತಾನೂ ಪರೀಕ್ಷೆ ಬರೆದು ಮುಗಿಸಬೇಕು ಅನ್ನಿಸಿತಂತೆ. 'ಆಸೆ ಇದೆ ಮೇಡಂ, ಆದರೆ ಲೆಕ್ಕ ವಿಜ್ಞಾನ ನನ್ನ ತಲೆಗೆ ಹತ್ತುವುದಿಲ್ಲ. ಮೊದಲಿಂದಲೂ ಹಾಗೇ. ಸುಮ್ನೆ ಇದ್ದುಬಿಡಲಾ?' ಇದು ಅವರ ಪ್ರಶ್ನೆ.

ಪತ್ರದ ಒಂದೂವರೆ ಪುಟ ಗಂಡನ ಬಗ್ಗೆ ಇದೆ. ಓದು ಅಂತಲೂ ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ ಅಂತ ದೂರು. ಅವರನ್ನು ಬಿಡಿ. ಬೇಡ ಅನ್ನದಿದ್ದರೆ ಸಾಕು, ಈಗಿನ ಕೆಲಸಕ್ಕೆ ಅಷ್ಟೇ ಬೇಕಾಗಿರುವುದು.

ನನ್ನ ಕಣ್ಣು ನಿಂತದ್ದು ಕೊನೆಯ ಪುಟದ ಒಂದು ಸಾಲಿನ ಮೇಲೆ. ಓದಲು ಪುರುಸೊತ್ತಿಲ್ಲ ಅನ್ನುವುದಕ್ಕೆ ಕಾರಣ ಕೊಡುತ್ತಾ ಬರೆದಿದ್ದೀರಿ: 'ತೋಟಕ್ಕೆ ಔಷಧಿ ಹೊಡೆಯುವ ದಿನಗಳಲ್ಲಂತೂ ಕೇಳಲೇಬೇಡಿ, ಬೋರ್ಡೋ ನಾನೇ ಮಾಡಬೇಕು, ಬೇರೆಯವರು ಕದಡಿದರೆ ಇವರಿಗೆ ಸಮಾಧಾನ ಇಲ್ಲ, 14 ವರ್ಷದಿಂದ ಇದೇ ಆಗಿದೆ.' ಇಷ್ಟು ಬರೆದು ಮುಂದಿನ ಸಾಲಿಗೆ ಹಸುವಿನ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ!

ಅಲ್ಲೇ ನಿಲ್ಲಿ ಸ್ವಲ್ಪ. ನಾನೂ ತೋಟದ ಮನೆಯಲ್ಲಿ ಬೆಳೆದವಳು. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಹೊಡೆಯುವ ಈ ಬೋರ್ಡೋ ಔಷಧಿ ಮಾಡುವುದು ಅಂದರೆ ಏನು ಅಂತ ನನಗೆ ಗೊತ್ತು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕದಡಬೇಕು. ದೊಡ್ಡ ಡ್ರಮ್ಮಿನಲ್ಲಿ 150 ಲೀಟರ್ ನೀರಿದ್ದರೆ ತುತ್ತ ಎಷ್ಟು ಹಾಕುತ್ತೀರಿ? ಒಂದೂವರೆ ಕೆಜಿ. ಇದನ್ನು ಓದುವಾಗಲೇ ನಿಮ್ಮ ಬಾಯಿಗೆ ಬಂತು, ಅಲ್ವಾ? ಮಗಳ ಪುಸ್ತಕದಲ್ಲಿ ಇದಕ್ಕೆ ಅನುಪಾತ ಅಂತ ಹೆಸರು.

ಇನ್ನೂ ಇದೆ. ಮಿಶ್ರಣ ಆದ ಮೇಲೆ ಕತ್ತಿಯ ತುದಿಯನ್ನು ಅದ್ದಿ ಹಿಡಿಯುತ್ತೀರಲ್ಲ. ಅಲುಗಿನ ಮೇಲೆ ಕೆಂಪು ಕೂತರೆ ತುತ್ತ ಜಾಸ್ತಿ, ಎಳೆಕಾಯಿ ಸುಟ್ಟೀತು ಅಂತ ಇನ್ನಷ್ಟು ಸುಣ್ಣದ ನೀರು ಬೆರೆಸುತ್ತೀರಿ. ಕತ್ತಿ ಹಾಗೇ ಬಂದರೆ ಸರಿಯಾಗಿದೆ ಅಂತ ಪಂಪಿಗೆ ತುಂಬಿಸುತ್ತೀರಿ. ಈಗ ಎದ್ದು ಹೋಗಿ ಮಗಳ ವಿಜ್ಞಾನ ಪುಸ್ತಕದ ಮೊದಲ ಪಾಠ ತೆಗೆಯಿರಿ. ರಾಸಾಯನಿಕ ಕ್ರಿಯೆಗಳ ಪಾಠ. ಅದರಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಅದ್ದುವ ಪ್ರಯೋಗ ಇದೆ. ತಾಮ್ರದ ಸಲ್ಫೇಟ್ ಅಂದರೆ ನಿಮ್ಮ ಮೈಲುತುತ್ತವೇ. ಕಬ್ಬಿಣವು ತಾಮ್ರವನ್ನು ಅದರ ಜಾಗದಿಂದ ಎಬ್ಬಿಸುತ್ತದೆ, ಎದ್ದ ತಾಮ್ರ ಮೊಳೆಯ ಮೇಲೆ ಕೆಂಪಗೆ ಕೂರುತ್ತದೆ. ಸ್ಥಾನಪಲ್ಲಟ ಕ್ರಿಯೆ ಅನ್ನುತ್ತಾರೆ. ಮಗಳು ಅದನ್ನು ಶಾಲೆಯ ಲ್ಯಾಬಿನಲ್ಲಿ ಒಂದು ಸಲ ನೋಡುತ್ತಾಳೆ. ನೀವು 14 ಮಳೆಗಾಲ ಮಾಡಿದ್ದೀರಿ.

ಲೆಸ್ಲಿ ಕೋಲ್ಮನ್ ಅಂತ ಒಬ್ಬರಿದ್ದರು. ಕೆನಡಾದವರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ವಿಜ್ಞಾನಿ. ನಮ್ಮ ತೋಟಗಳ ಕೊಳೆ ರೋಗದ ಮೇಲೆ ಕೆಲಸ ಮಾಡಿ, 1910ರಲ್ಲಿ ಅದರ ಬಗ್ಗೆ ದೊಡ್ಡ ವರದಿ ಬರೆದು, ಬೋರ್ಡೋ ಹೊಡೆದರೆ ಅಡಿಕೆ ಗೊನೆ ಉಳಿಯುತ್ತದೆ ಅಂತ ತೋರಿಸಿಕೊಟ್ಟವರು. ಅಷ್ಟು ಓದಿದವರು ಕಲಿಸಿಕೊಟ್ಟ ಕೆಲಸವನ್ನು ನೀವು ಅಂಗಳದಲ್ಲಿ ನಿಂತು, ಒಂದು ಡ್ರಮ್ಮೂ ಕೆಡದ ಹಾಗೆ ಮಾಡುತ್ತಿದ್ದೀರಿ. ಕೆಟ್ಟಿದ್ದರೆ ನಿಮ್ಮವರು ಎರಡನೇ ವರ್ಷವೇ ಬೇರೆಯವರ ಕೈಗೆ ಕೊಡುತ್ತಿದ್ದರು.

ಹಾಗಾದರೆ ತಲೆಗೆ ಹತ್ತಲ್ಲ ಅನ್ನುವ ಮಾತು ಎಲ್ಲಿಂದ ಬಂತು? ಅದನ್ನೂ ನೀವೇ ಬರೆದಿದ್ದೀರಿ. ರಿಸಲ್ಟ್ ಬಂದ ದಿನ ನಿಮ್ಮ ಅಣ್ಣ, 'ಇವಳ ತಲೆಯಲ್ಲಿ ಲೆಕ್ಕ ನಿಲ್ಲಲ್ಲ ಬಿಡು, ಹೋಳಿಗೆ ಚೆನ್ನಾಗಿ ಮಾಡ್ತಾಳಲ್ಲ' ಅಂದರು. ಎಲ್ಲರೂ ನಕ್ಕರು. ಇವತ್ತಿಗೂ ದೀಪಾವಳಿಗೆ ತವರಿಗೆ ಹೋದರೆ ಅದೇ ಮಾತು. 'ಅಣ್ಣ ಒಳ್ಳೆಯವನು ಮೇಡಂ, ಪ್ರೀತಿಗೆ ಹೇಳೋದು' ಅಂತ ನೀವು.

ಪ್ರೀತಿ ಇರಬಹುದು. ಆದರೂ ನಾನು ಅವರನ್ನು ಕ್ಷಮಿಸುವುದಿಲ್ಲ. 16 ವರ್ಷದ ಹುಡುಗಿ ಅಳುತ್ತಾ ನಿಂತಾಗ ಅಣ್ಣನಾದವನು ಹೇಳಬೇಕಾದದ್ದು 'ಅಕ್ಟೋಬರಿಗೆ ಕಟ್ಟೋಣ, ನಾನು ಹೇಳಿಕೊಡ್ತೀನಿ' ಅಂತ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಮನೆಯವರು ನಗುನಗುತ್ತಾ ಅಂಟಿಸಿದ ಹೆಸರು ಬೈದು ಅಂಟಿಸಿದ್ದಕ್ಕಿಂತ ಗಟ್ಟಿ. ಬೈದರೆ ಎದುರು ಮಾತಾಡಬಹುದು. ನಕ್ಕರೆ ನಾವೂ ಜೊತೆಗೆ ನಗಬೇಕಾಗುತ್ತದೆ. ನನ್ನ ಅಕ್ಕನಿಗೆ ಸ್ವರ ನಿಲ್ಲಲ್ಲ ಅಂತ ಚಿಕ್ಕಂದಿನಲ್ಲಿ ಯಾರೋ ಹೇಳಿದರು. ಈಗ ಅವಳಿಗೆ 60 ದಾಟಿದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಮಾತ್ರ ಹಸೆ ಹಾಡು ಹೇಳುತ್ತಾಳೆ, ಯಾರಾದರೂ ಬಾಗಿಲಿಗೆ ಬಂದರೆ ಥಟ್ಟನೆ ನಿಲ್ಲಿಸುತ್ತಾಳೆ. ಎಷ್ಟು ಚೆಂದ ಹಾಡುತ್ತಾಳೆ ಅಂತ ನನಗೆ ಗೊತ್ತಾದದ್ದೇ ನಾಲ್ಕು ವರ್ಷದ ಹಿಂದೆ, ಗೋಡೆಯ ಆಚೆ ನಿಂತು ಕೇಳಿ. ನಿಮ್ಮ ಪತ್ರ ನನ್ನನ್ನು ಇಷ್ಟು ಕಾಡಿದ್ದು ಅದಕ್ಕೇ.

ಮಗಳ ಜೊತೆ ಒಂದೇ ಸಲ ಬರೆಯಲು ನಾಚಿಕೆ ಅಂದಿದ್ದೀರಿ. ನಿಮಗೆ ನಾಚಿಕೆ ಸರಿ, ಮಗಳನ್ನು ಕೇಳಿದ್ದೀರಾ? ಇಬ್ಬರೂ ಒಂದೇ ಪುಸ್ತಕ ಓದಿದರೆ ಅವಳಿಗೂ ಜೊತೆಯಾಗುತ್ತದೆ. ಫೇಲಾದರೆ ಅನ್ನುವ ಹೆದರಿಕೆಗೆ ಒಂದು ಮಾತು: ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಒಂದರಲ್ಲಿ ಉಳಿದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು. ಒಂದು ದಿನದ ರಿಸಲ್ಟಿಗೆ ಎಲ್ಲ ಮುಗಿದು ಹೋಗುವುದಿಲ್ಲ.

ಆತ್ಮವಿಶ್ವಾಸ ಬರಲಿ ಅಂತ ಕಾಯಬೇಡಿ, ನಾನು ಅದಕ್ಕೆ ಉಪಾಯವನ್ನೂ ಹೇಳುವುದಿಲ್ಲ. ಒಂದೇ ಕೆಲಸ ಹೇಳುತ್ತೇನೆ. ಬರುವ ಸೋಮವಾರ ಮಗಳ ಜೊತೆಗೇ ಬಸ್ಸು ಹತ್ತಿ ಅವಳ ಶಾಲೆಗೆ ಹೋಗಿ. ಹೆಡ್‌ಮಾಸ್ಟರ ಎದುರು ಕೂತು, 'ನಾನು ಎಸ್ಸೆಸ್ಸೆಲ್ಸಿ ಕಟ್ಟಬೇಕು, ಯಾವ ಫಾರಂ, ಎಷ್ಟು ಫೀಸು, ಕೊನೆಯ ದಿನ ಯಾವುದು' ಅಂತ ಕೇಳಿ. ಅವರು ಬಿಇಓ ಆಫೀಸಿಗೆ ಹೋಗಿ ಅಂದರೆ ಅವತ್ತೇ ಅಲ್ಲಿಗೂ ಹೋಗಿ. ಫಾರಂ ಕಟ್ಟುವ ತನಕ ಅಣ್ಣನಿಗೆ ಒಂದಕ್ಷರ ಹೇಳಬೇಡಿ.

ಮದುವೆ ಸೀರೆಯ ಕೆಳಗೆ ಟ್ರಂಕಿನಲ್ಲಿಟ್ಟಿದ್ದೇನೆ ಅಂದಿರಲ್ಲ, ಆ ಹಳೆಯ ಅಂಕಪಟ್ಟಿಯನ್ನು ತೆಗೆದು ಚೀಲಕ್ಕೆ ಹಾಕಿಕೊಳ್ಳಿ. ಆಧಾರ್ ಕಾರ್ಡು, ಎರಡು ಫೋಟೋ ಕೂಡ ಇರಲಿ. ಸೋಮವಾರ ಮಳೆ ಬಿಡುವು ಕೊಟ್ಟು ಔಷಧಿ ಹೊಡೆಯುವ ದಿನವಾದರೆ, ಬೋರ್ಡೋ ಮಾಡಿಟ್ಟು ಮಂಗಳವಾರ ಹೋಗಿ.