ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ, ಚಪ್ಪಲಿ ಹಾಕ್ಕೊಂಡ್ರೆ ಸಾಕಾ?

ಪ್ರಶ್ನೆ: ಸರ್, ನಾವು ದಾವಣಗೆರೆ ನಿಟುವಳ್ಳಿ ಕಡೆ ಬಾಡಿಗೆ ಮನೇಲಿದೀವಿ, ಹಳೇ ಮನೆ. ಗೀಸರ್ ಆನ್ ಇದ್ದಾಗ ಬಾತ್‌ರೂಮಿನ ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ. ಓನರ್ ಒಬ್ರು ಎಲೆಕ್ಟ್ರಿಷಿಯನ್ ಕಳಿಸಿದ್ರು, ಅವ್ರು ಟೆಸ್ಟರ್ ಇಟ್ಟು ನೋಡಿ "ಸ್ವಲ್ಪ ಲೀಕೇಜ್ ಐತೆ, ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ, ಎಂಸಿಬಿ ಐತಲ್ಲ ಏನೂ ಆಗಲ್ಲ" ಅಂತ ಹೇಳಿ ಹೋದ್ರು. ಸಣ್ಣ ಮಕ್ಕಳಿದಾರೆ, ಭಯ ಆಗುತ್ತೆ.

ಉತ್ತರ: ಅಮ್ಮಾ, ಇವತ್ತೇ ಆ ಗೀಸರ್ ಪ್ಲಗ್ ಕಿತ್ತಿಟ್ಟುಬಿಡಿ, ರಿಪೇರಿ ಆಗೋ ತನಕ ಗ್ಯಾಸ್ ಮೇಲೆ ನೀರು ಕಾಯಿಸ್ಕೊಳ್ಳಿ. ನಿಮ್ಮ ಭಯ ಸರಿಯಾಗೇ ಐತೆ, ಆ ಚಪ್ಪಲಿ ಮಾತು ಮಾತ್ರ ತಲೆಗೆ ಹಾಕ್ಕೋಬೇಡಿ. ನೆನೆದ ಚಪ್ಪಲಿ ಏನೂ ತಡೆಯಲ್ಲ, ಅದೂ ಅಲ್ಲದೆ ಒಂದು ಕೈ ನಲ್ಲಿ ಮೇಲೆ ಇನ್ನೊಂದು ಕೈ ಒದ್ದೆ ಗೋಡೆ ಮೇಲೆ ಇದ್ರೆ ಕರೆಂಟ್ ಕಾಲಿಗೆ ಬರೋದೇ ಇಲ್ಲ, ಎದೆ ಮೇಲಿಂದಾನೇ ದಾಟಿ ಹೋಗುತ್ತೆ.

ಜುಮ್ ಅಂದಾಗ ಮೈಯಲ್ಲಿ ಹರಿದಿದ್ದು ಒಂದು ಮಿಲಿಆಂಪ್, ಅಂದ್ರೆ ಒಂದು ಆಂಪ್ ಕರೆಂಟಿನ ಸಾವಿರದಲ್ಲೊಂದು ಭಾಗ, ಅದರ ಆಸುಪಾಸು ಇರ್ಬೋದು. ಕೈ ಒಣಗಿದ್ದಾಗ ಚರ್ಮ ಕರೆಂಟನ್ನ ಚೆನ್ನಾಗಿ ತಡೆಯುತ್ತೆ, ಅದಕ್ಕೇ ಅಷ್ಟಕ್ಕೇ ನಿಂತಿರೋದು. ಅದೇ ಸೋಪು ನೀರಲ್ಲಿ ನೆನೆದ ಮೈ ಅಂದ್ರೆ ಆ ತಡೆ, ಅಂದ್ರೆ ರೆಸಿಸ್ಟೆನ್ಸ್, 1000 ಓಮ್ ಹತ್ರ ಇಳಿದುಬಿಡುತ್ತೆ, ಮನೆಗೆ ಬರೋ 230 ವೋಲ್ಟ್ ಪೂರ್ತಿ ಸಿಕ್ತು ಅನ್ಕೊಳ್ಳಿ, 230 ಮಿಲಿಆಂಪ್ ಆಯ್ತು. ಸುಮಾರು 10 ಮಿಲಿಆಂಪ್ ದಾಟಿದ್ರೆ ಕೈ ಸ್ನಾಯು ಬಿಗಿದುಕೊಂಡು ಹಿಡಿದಿದ್ದನ್ನ ಬಿಡೋಕೇ ಆಗಲ್ಲ, ಜನ "ಕರೆಂಟ್ ಎಳ್ಕೊಂತು" ಅನ್ನೋದು ಇದನ್ನೇ. 30ರ ಮೇಲೆ ಹೋದ್ರೆ ಉಸಿರಾಟಕ್ಕೇ ತೊಂದರೆ, 50ರಿಂದ 100 ಮಿಲಿಆಂಪ್ ಎದೆ ಮೂಲಕ ಹಾದ್ರೆ ಹೃದಯ ಬಡಿಯೋ ತಾಳ ತಪ್ಪಿ ಬರೀ ಅದುರ್ತಾ ನಿಂತುಬಿಡಬಹುದು.

ಈಗ ಎಂಸಿಬಿ, ಅಂದ್ರೆ ಕರೆಂಟ್ ಮಿತಿ ಮೀರಿ ಹರಿದ್ರೆ ತಾನಾಗೇ ಬೀಳೋ ಸ್ವಿಚ್, ಅದರ ವಿಷಯಕ್ಕೆ ಬರೋಣ. ಗೀಸರ್‌ಗೆ ಹಾಕಿರೋದು 16 ಆಂಪ್‌ದು ತಾನೆ, 16 ಆಂಪ್ ಅಂದ್ರೆ 16000 ಮಿಲಿಆಂಪ್, ಮನುಷ್ಯನ ಜೀವ ಹೋಗೋಕೆ ಅದರಲ್ಲಿ ನೂರರಲ್ಲೊಂದು ಭಾಗಾನೂ ಬೇಡ. ಎಂಸಿಬಿ ಇರೋದು ವೈರ್ ಸುಡದೇ ಇರಲಿ ಅಂತ, ಮನುಷ್ಯನ್ನ ಕಾಯೋಕೆ ಅಲ್ಲ. ನಲವತ್ತು ವರ್ಷ ಕೆಲಸ ಮಾಡಿರೋ ಮೇಸ್ತ್ರಿಗಳೂ "ಎಂಸಿಬಿ ಐತಲ್ಲ" ಅಂತಾರೆ, ಅದನ್ನ ಕೇಳಿದಾಗೆಲ್ಲ ಸಂಕಟ ಆಗುತ್ತೆ.

ನಿಮ್ಮ ಗೀಸರ್‌ನಲ್ಲಿ ಏನಾಗಿರಬಹುದು ಅಂದ್ರೆ, ಒಳಗಿನ ಕಾಯಿಲ್ ಒಂದು ತಾಮ್ರದ ಕೊಳವೆ, ಅದರ ನಡುವೆ ಸುರುಳಿ ತಂತಿ, ತಂತಿ ಕೊಳವೆಗೆ ತಾಗದ ಹಾಗೆ ಸುತ್ತ ಬಿಳಿ ಪುಡಿ ತುಂಬಿರ್ತಾರೆ. ನಮ್ಮ ಕಡೆ ಬೋರ್ ನೀರು ಗಡಸು, ಕೊಳವೆ ಮೇಲೆ ಸುಣ್ಣದ ಪದರ ಕಟ್ಕೊಂಡು ಶಾಖ ನೀರಿಗೆ ಹೋಗದೆ ಒಳಗೇ ಉಳಿದು ಕೊಳವೆ ಬಿರುಕು ಬಿಡುತ್ತೆ, ಆ ಬಿರುಕಿನಿಂದ ನೀರು ಒಳಗೆ ಇಳಿದ್ರೆ ಕರೆಂಟ್ ನೀರಿಗೂ ಬಂತು ಟ್ಯಾಂಕ್ ಬಾಡಿಗೂ ಬಂತು. ಪೈಪ್ ಪ್ಲಾಸ್ಟಿಕ್ ಇದ್ರೂ ನೀರೇ ಅದನ್ನ ನಲ್ಲಿ ತನಕ ತರುತ್ತೆ. ಅರ್ತಿಂಗ್ ಸರಿ ಇದ್ದಿದ್ರೆ ಅದರಲ್ಲಿ ಬಹುಪಾಲು ಆ ದಾರೀಲೇ ಭೂಮಿಗೆ ಹೋಗ್ತಿತ್ತು, ನಿಮ್ಮ ಕೈಗೆ ಬರ್ತಿದೆ ಅಂದ್ರೆ ಕಾಯಿಲ್ ಜೊತೆಗೆ ಅರ್ತಿಂಗೂ ಕೆಟ್ಟಿರೋ ಸಾಧ್ಯತೆ ಜಾಸ್ತಿ. ಬರೀ ಕಾಯಿಲ್ ಬದಲಾಯಿಸಿ ಕೈ ತೊಳ್ಕೊಂಡ್ರೆ ನಾಳೆ ವಾಷಿಂಗ್ ಮೆಷಿನ್‌ನಿಂದ ಅದೇ ಕತೆ ಶುರು ಆಗುತ್ತೆ.

ಆ ತ್ರೀ ಪಿನ್ ಸಾಕೆಟ್ ಬಿಚ್ಚಿಸಿ ನೋಡಿ, ಮೇನ್ ಆಫ್ ಮಾಡಿಸಿ ಮತ್ತೆ, ಮನೇಲಿ ಇನ್ವರ್ಟರ್ ಇದ್ರೆ ಅದನ್ನೂ. ಮೇಲಿನ ದೊಡ್ಡ ತೂತಿಗೆ ಹಸಿರು ವೈರ್ ಬಂದಿರಬೇಕು. ಹಳೇ ಮನೆಗಳಲ್ಲಿ ಎರಡೇ ವೈರ್ ಎಳೆದಿರ್ತಾರೆ, ದೊಡ್ಡ ತೂತು ಖಾಲಿ ಇರುತ್ತೆ, ಇಲ್ಲಾ ಅದಕ್ಕಿಂತ ಕೆಟ್ಟದ್ದು ಅಂದ್ರೆ ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗೋ ವೈರ್) ಒಂದು ತುಂಡು ವೈರ್ ತಗೊಂಡು ಅರ್ತ್ ಪಿನ್‌ಗೆ ಲೂಪ್ ಮಾಡಿರ್ತಾರೆ. ಟೆಸ್ಟ್ ಬಲ್ಬ್ ಇಟ್ರೆ ಚೆನ್ನಾಗಿ ಉರಿಯುತ್ತೆ, "ಅರ್ತ್ ಐತೆ" ಅಂದು ಹೋಗ್ತಾರೆ, ಆದ್ರೆ ಆ ನ್ಯೂಟ್ರಲ್ ಯಾವಾಗಾದ್ರೂ ಹಿಂದೆಲ್ಲಾದ್ರೂ ಕಟ್ ಆಯ್ತೋ, ಯಂತ್ರ ಕೆಡದೇನೇ ಅದರ ಬಾಡಿಗೆ ಪೂರ್ತಿ ಕರೆಂಟ್ ಬಂದು ಕೂರುತ್ತೆ. ಇಂಥ ಲೂಪ್ ಕಂಡ್ರೆ ಮುಲಾಜಿಲ್ಲದೆ ಕಿತ್ತಿಸಿ, ಮೀಟರ್ ಬೋರ್ಡಿಂದ ಹಸಿರು ವೈರ್ ಹೊಸದಾಗಿ ಎಳೆಸಿ.

ಓನರ್‌ಗೆ ಕೇಳಬೇಕಾದ ಇನ್ನೊಂದು ವಸ್ತು 30 ಮಿಲಿಆಂಪ್ ಆರ್‌ಸಿಸಿಬಿ, ಅಂಗಡೀಲಿ ಇಎಲ್‌ಸಿಬಿ ಅಂತಾನೂ ಕರೀತಾರೆ. ಹೋದ ಕರೆಂಟು ಅಷ್ಟೇ ವಾಪಸ್ ಬರ್ತಿದೆಯಾ ಅಂತ ಅದು ನೋಡ್ತಾ ಇರುತ್ತೆ, 30 ಮಿಲಿಆಂಪ್ ಬೇರೆ ದಾರಿ ಹಿಡೀತು ಅಂದ್ರೆ ಸೆಕೆಂಡಿನ ಒಂದು ಚೂರಲ್ಲಿ ಕಟ್ ಮಾಡುತ್ತೆ. ಎರಡು ಸಾವಿರದ ಆಸುಪಾಸಲ್ಲಿ ಬರುತ್ತೆ, ಓನರ್ ಒಪ್ಪದಿದ್ರೆ ನೀವೇ ಹಾಕ್ಸಿ, ಮನೆ ಬಿಡೋವಾಗ ಬಿಚ್ಕೊಂಡು ಹೋದ್ರಾಯ್ತು.

ಪ್ರಶ್ನೆ: ಚಿತ್ರದುರ್ಗ ಜೋಗಿಮಟ್ಟಿ ರಸ್ತೆ ಕಡೆ ಮನೆ ಕಟ್ಟಿಸ್ತಿದೀನಿ. ಮೂರಡಿ ಅಗೆದ್ರೆ ಬಂಡೆ. ಅರ್ತಿಂಗ್ ಪೈಪ್ ಇಳೀತಾ ಇಲ್ಲ, ಕಿಟಕಿ ಗ್ರಿಲ್‌ಗೋ ನೀರಿನ ಪೈಪ್‌ಗೋ ಕೊಟ್ರೆ ನಡೆಯುತ್ತಾ? ಪಕ್ಕದ ಮನೆಯವ್ರು ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತೆ ಅಂತ ತೆಗೆಸಿದಾರೆ, ನಾವು ಹಾಕ್ಸೋದಾ ಬೇಡ್ವಾ?

ಉತ್ತರ: ಗ್ರಿಲ್‌ಗೂ ನೀರಿನ ಪೈಪ್‌ಗೂ ಕೊಡಲೇಬೇಡಿ, ಮಕ್ಕಳು ಕೈ ಹಾಕೋ ಜಾಗಕ್ಕೆ ನೀವೇ ಕರೆಂಟ್ ತಂದು ನಿಲ್ಸಿದ ಹಾಗೆ ಆಗುತ್ತೆ.

ಬಂಡೆ ನೆಲದಲ್ಲಿ ಲೆಕ್ಕಾನೇ ಬೇರೆ ಇದೆ ನೋಡ್ರಿ. ಅರ್ತಿಂಗ್ ರೆಸಿಸ್ಟೆನ್ಸ್ 20 ಓಮ್ ಬಂತು ಅನ್ಕೊಳ್ಳಿ, ಫ್ರಿಜ್ ಬಾಡಿಗೆ ಫೇಸ್ (ಕರೆಂಟ್ ಬರೋ ವೈರ್) ತಾಗ್ತು, 230ನ್ನ 20ರಿಂದ ಭಾಗಿಸಿದ್ರೆ ಹನ್ನೊಂದೂವರೆ ಆಂಪ್. 16 ಆಂಪ್ ಎಂಸಿಬಿ ಇದನ್ನ ಮಾಮೂಲಿ ಲೋಡ್ ಅನ್ಕೊಂಡು ಸುಮ್ನೆ ಕೂತಿರುತ್ತೆ, ಅಷ್ಟೊತ್ತೂ ಬಾಡಿ ಮೇಲೆ ಜೀವ ತೆಗೆಯೋ ವೋಲ್ಟೇಜ್ ಹಂಗೇ ಇರುತ್ತೆ. ಅರ್ತಿಂಗ್ "ಐತೆ", ಆದ್ರೂ ಅಪಾಯ ಹೋಗಿಲ್ಲ. ಇದೇ ಜಾಗದಲ್ಲಿ ಆರ್‌ಸಿಸಿಬಿ ಇದ್ರೆ ಅರ್ತಿಂಗ್ 500 ಓಮ್‌ನಷ್ಟು ಕೆಟ್ಟಿದ್ರೂ 460 ಮಿಲಿಆಂಪ್ ಹರಿಯುತ್ತೆ, ಆಗ್ಲೇ ಟ್ರಿಪ್. ಅದಕ್ಕೇ ದುರ್ಗದಂಥ ಊರಲ್ಲಿ ಆರ್‌ಸಿಸಿಬಿ ಬೇರೆ ಕಡೆಗಿಂತ ಜಾಸ್ತಿ ಬೇಕು.

ಪೈಪ್ ನೆಟ್ಟಗೆ ಇಳಿಯದಿದ್ರೆ ಉದ್ದಕ್ಕೆ ಚರಂಡಿ ತೋಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಮಲಗಿಸಿ ಸುತ್ತ ಬೆಂಟೊನೈಟ್ ಅನ್ನೋ ತೇವ ಹಿಡಿದಿಡೋ ಜೇಡಿಮಣ್ಣಿನ ಪುಡಿ ತುಂಬಿಸಬಹುದು, ಅಥವಾ ಮಣ್ಣು ಸಿಗೋ ಎರಡು ಕಡೆ ಗುಂಡಿ ಮಾಡಿ ಎರಡನ್ನೂ ಜೋಡಿಸಬಹುದು. ಬೇಸಿಗೇಲಿ ನೆಲ ಒಣಗಿ ರೆಸಿಸ್ಟೆನ್ಸ್ ಏರುತ್ತೆ, ಗುಂಡಿಗೆ ಆಗಾಗ ನೀರು ಹಾಕ್ತಿರಿ. ಕೆಲಸ ಮುಗಿದ ಮೇಲೆ ಅರ್ತ್ ಟೆಸ್ಟರ್ ಇಟ್ಟು ಎಷ್ಟು ಓಮ್ ಬಂತು ಅಂತ ಕಣ್ಣಾರೆ ನೋಡಿ.

ಪಕ್ಕದ ಮನೆಯವ್ರದ್ದು ಟ್ರಿಪ್ ಆಗ್ತಿತ್ತು ಅಂದ್ರೆ ಬಹುಪಾಲು ಅಲ್ಲಿ ನಿಜವಾಗ್ಲೂ ಲೀಕೇಜ್ ಇತ್ತು, ಇಲ್ಲಾ ಇನ್ವರ್ಟರ್ ನ್ಯೂಟ್ರಲನ್ನ ಮೇನ್ ನ್ಯೂಟ್ರಲ್ ಜೊತೆ ಕಲಸಿಟ್ಟಿದ್ರು. ಎಲ್ಲಾ ಎಂಸಿಬಿ ಕೆಳಗೆ ಹಾಕಿ ಒಂದೊಂದಾಗಿ ಮೇಲೆತ್ತಿದ್ರೆ ಯಾವ ಲೈನ್ ಅಂತ ಸಿಗುತ್ತೆ. ಮೊದಲ ಮಳೆಗೆ ಟ್ರಿಪ್ ಆಯ್ತು ಅಂದ್ರೆ ಹೊರಗಿನ ಸಂಪ್ ಮೋಟರ್, ಕಾಂಪೌಂಡ್ ಲೈಟ್ ಮೊದಲು ನೋಡಿ. ಹಾಕ್ಸಿದ ಮೇಲೆ ತಿಂಗಳಿಗೊಂದ್ಸಲ ಅದರ ಟೆಸ್ಟ್ ಬಟನ್ ಒತ್ತಿ, ಬೀಳದಿದ್ರೆ ಅದು ಕೆಟ್ಟಿದೆ. ಒಂದು ಕೈಲಿ ಫೇಸ್ ಇನ್ನೊಂದು ಕೈಲಿ ನ್ಯೂಟ್ರಲ್ ಹಿಡಿದ್ರೆ ಮಾತ್ರ ಆರ್‌ಸಿಸಿಬಿಗೂ ಗೊತ್ತಾಗಲ್ಲ, ಹಾಗಾಗಿ ಅದು ಇದೆ ಅಂತ ಲೈನ್ ಆನ್ ಇಟ್ಕೊಂಡು ಬೋರ್ಡ್ ಬಿಚ್ಚೋಕೆ ಹೋಗ್ಬೇಡಿ.

ಪ್ರಶ್ನೆ: ಹೊಳಲ್ಕೆರೆ ಹತ್ರ ಹಳ್ಳಿ ನಮ್ದು, ಶೀಟ್ ಮನೆ. ಅಮ್ಮ ಬಟ್ಟೆ ಒಣಗಾಕೋವಾಗ ತಂತಿ ಶಾಕ್ ಕೊಡ್ತು, ಬಿದ್ದು ಬಚಾವಾದ್ರು. ಇಂಥ ಟೈಮಲ್ಲಿ ಏನ್ ಮಾಡ್ಬೇಕು?

ಉತ್ತರ: ಆ ತಂತಿ ಇವತ್ತೇ ಹೋಗ್ಲಿ, ನೈಲಾನ್ ಹಗ್ಗ ಕಟ್ರಿ. ಆದ್ರೆ ಬಿಚ್ಚೋಕೆ ಮೊದಲು ಕಂಬದ ಕಡೆಯಿಂದಾನೇ ಕರೆಂಟ್ ತೆಗೆಸಿ, 1912ಕ್ಕೆ ಫೋನ್ ಮಾಡಿದ್ರೆ ಬೆಸ್ಕಾಂನವ್ರು ಬರ್ತಾರೆ. ಕಂಬದಿಂದ ಬರೋ ಸರ್ವಿಸ್ ವೈರ್ ಶೀಟ್ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದಿರಬಹುದು, ಶೀಟಿಗೆ ಕರೆಂಟ್, ಶೀಟಿಂದ ತಂತಿಗೆ, ತಂತಿಯಿಂದ ಒದ್ದೆ ಬಟ್ಟೆಗೆ. ಹಾಗಾಗಿದ್ರೆ ನಿಮ್ಮ ಮನೆ ಮೇನ್ ಆಫ್ ಮಾಡಿದ್ರೂ ಇದು ನಿಲ್ಲಲ್ಲ, ಯಾಕಂದ್ರೆ ತಪ್ಪು ಇರೋದು ಮೀಟರ್‌ಗಿಂತ ಮುಂಚೆ.

ಯಾರಾದ್ರೂ ಹಿಡ್ಕೊಂಡು ನಿಂತಿದ್ರೆ ಮುಟ್ಟಬೇಡಿ, ಮೊದಲು ಕರೆಂಟ್ ತೆಗೀರಿ, ಅದು ಆಗದಿದ್ರೆ ಒಣಗಿದ ದೊಣ್ಣೆ ಇಲ್ಲಾ ಪ್ಲಾಸ್ಟಿಕ್ ಕುರ್ಚಿಯಿಂದ ದೂಕಿ ಬಿಡಿಸಿ. ಬಿಡಿಸಿದ ಮೇಲೆ ಉಸಿರಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡ್ತಾನೇ ಎದೆ ನಡುವೆ ಎರಡೂ ಕೈ ಇಟ್ಟು ಎರಡಿಂಚು ಆಳಕ್ಕೆ ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ಆಂಬುಲೆನ್ಸ್ ಬರೋ ತನಕ ನಿಲ್ಲಿಸಬೇಡಿ. ಮಣ್ಣಲ್ಲಿ ಹೂಳೋದು, ಬಾಯಿಗೆ ನೀರು ಬಿಡೋದು ಇವೆಲ್ಲ ಮಾಡ್ತಾ ಕೂತ್ರೆ ಆ ಕೆಲವೇ ನಿಮಿಷ ಕೈ ತಪ್ಪಿ ಹೋಗುತ್ತೆ. ನಿಮ್ಮ ಅಮ್ಮನ್ನ ಈಗ ಆರಾಮಾಗಿದಾರೆ ಅಂತ ಬಿಡಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಶಾಕ್ ಹೊಡೆದಿದ್ದು ಹೇಳಿ ಒಂದು ಇಸಿಜಿ ಮಾಡಿಸಿ.